ನೋಟವೂ ಅನುಮೋದನೆಯೇ?

ಪಾಪವು ಮೂರು ಬಾಗಿಲುಗಳಿಂದ ಒಳಬರುತ್ತದೆ ಎಂದು ನಮ್ಮ ಶ್ರಾವಕಾಚಾರಗಳು ಹೇಳುತ್ತವೆ. ತಾನೇ ಮಾಡಿದ್ದು ಕೃತ, ಪರರಿಂದ ಮಾಡಿಸಿದ್ದು ಕಾರಿತ, ಪರರು ಮಾಡಿದ್ದನ್ನು ಮೆಚ್ಚಿದ್ದು ಅನುಮೋದಿತ. ಇವನ್ನು ಮನ, ವಚನ, ಕಾಯಗಳಿಂದ ಗುಣಿಸಿದರೆ ಒಂಬತ್ತು ಬಗೆಯಾಗುತ್ತದೆ. ಮೊದಲೆರಡರ ವಿಷಯದಲ್ಲಿ ಗೃಹಸ್ಥನಿಗೆ ಹೆಚ್ಚಿನ ಗೊಂದಲವಿಲ್ಲ. ಕೈ ಮಾಡಿತೋ ಇಲ್ಲವೋ, ಹಣ ಕೊಟ್ಟು ಮಾಡಿಸಿದೆನೋ ಇಲ್ಲವೋ ಎಂಬುದು ಖಾತೆ ಕಿರ್ದಿಗಳನ್ನು ತೆರೆದು ನೋಡಿದಷ್ಟೇ ಸ್ಪಷ್ಟ. ಮೂರನೆಯದಕ್ಕೆ ಮಾತ್ರ ರಸೀದಿಯಿಲ್ಲ. ಅದು ಕಣ್ಣಿನ ಮೂಲಕ ಬರುತ್ತದೆ, ಮನಸ್ಸಿನಲ್ಲಿ ಜಮೆಯಾಗುತ್ತದೆ. ಜಮೆಯಾಯಿತೆಂದು ಮನಸ್ಸಿಗೇ ತಿಳಿಯದೆ ಹೋಗುವುದೂ ಉಂಟು.

ಈ ವಿಚಾರವನ್ನು ಎತ್ತಲು ಒಂದು ಕಾರಣವಿದೆ. 2023ರಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಸೌತ್ ಕೆನ್ಸಿಂಗ್ಟನ್ ಭಾಗದಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮನ್ನು ಎರಡು ದಿನ ಸುತ್ತಿ ನೋಡಿದೆ. ಊರಿಗೆ ಮರಳಿ ಸ್ವಾಧ್ಯಾಯದ ಗೆಳೆಯರ ಮುಂದೆ ಅದನ್ನು ವರ್ಣಿಸುತ್ತಿದ್ದಾಗ, ನಿವೃತ್ತ ಮಾಸ್ತರರೊಬ್ಬರು ನಡುವೆ ತಡೆದು, “ಶೆಟ್ಟರೇ, ಮಾಂಸದಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ನಡೆಯುವವರು ನೀವು. ಅಲ್ಲಿ ಕೋಟಿಗಟ್ಟಲೆ ಹೆಣಗಳನ್ನು ಇಟ್ಟಿದ್ದಾರೆ, ಎರಡು ದಿನ ಕಣ್ತುಂಬ ನೋಡಿಬಂದೆ ಅನ್ನುತ್ತೀರಿ. ಇದು ಅನುಮೋದನೆಯಲ್ಲದೆ ಮತ್ತೇನು?” ಎಂದರು. ನಗೆಯಾಡಲು ಹೇಳಿದ ಮಾತಲ್ಲ ಅದು. ಅವರು ಅಂಥ ವಿಷಯದಲ್ಲಿ ನಗುವವರೂ ಅಲ್ಲ.

ಲೆಕ್ಕವನ್ನು ಮೊದಲು ಸರಿಪಡಿಸೋಣ. ಆ ಸಂಸ್ಥೆಯ ಸಂಗ್ರಹದಲ್ಲಿ ಸುಮಾರು 8 ಕೋಟಿ ವಸ್ತುಗಳಿವೆ. ಅವುಗಳಲ್ಲಿ ಖನಿಜ, ಉಲ್ಕಾಶಿಲೆ, ಪಳೆಯುಳಿಕೆ, ಒಣಗಿಸಿದ ಸಸ್ಯಗಳೂ ಸೇರಿವೆ. ಆದರೂ ಸೂಜಿಗೆ ಚುಚ್ಚಿಟ್ಟ ಕೀಟ ಹಾಗೂ ಜೇಡಗಳೇ 3 ಕೋಟಿ 40 ಲಕ್ಷಕ್ಕೂ ಮಿಕ್ಕಿವೆ. ಮದ್ಯಸಾರದ ಗಾಜಿನ ಭರಣಿಗಳಲ್ಲಿ ಇಳಿಬಿಟ್ಟ ಜೀವಿಗಳು 2 ಕೋಟಿಗೂ ಹೆಚ್ಚು. ಆದುದರಿಂದ ಮಾಸ್ತರರ ಅಂಕಿಯನ್ನು ತಿದ್ದಬಹುದೇ ಹೊರತು ಅವರ ಪ್ರಶ್ನೆಯನ್ನು ತಿದ್ದಲಾಗದು.

ಕಟ್ಟಡವನ್ನು ಕಂಡವರಿಗೆ ಅದೊಂದು ದೇವಾಲಯವೆಂದೇ ತೋರುತ್ತದೆ, ಮತ್ತು ಅದು ಆಕಸ್ಮಿಕವಲ್ಲ. ಪ್ರಕೃತಿಗೆ ತಕ್ಕುದಾದ ಒಂದು ಭವ್ಯಮಂದಿರ ಬೇಕೆಂದು ಹಟ ಹಿಡಿದವನು ರಿಚರ್ಡ್ ಓವನ್. ಡೈನೋಸಾರ್ ಎಂಬ ಹೆಸರನ್ನು 1842ರಲ್ಲಿ ಜಗತ್ತಿಗೆ ಕೊಟ್ಟವನೂ ಅವನೇ. ಆಲ್ಫ್ರೆಡ್ ವಾಟರ್‌ಹೌಸ್ ಎಂಬ ವಾಸ್ತುಶಿಲ್ಪಿ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಅದನ್ನು ಕಟ್ಟಿದ. 1881ರ ಏಪ್ರಿಲ್ 18ರಂದು ಜನರಿಗೆ ತೆರೆಯಿತು. ಕಮಾನುಗಳ ಮೇಲೆ ಮಣ್ಣಿನ ಕೋತಿಗಳು ಹತ್ತುತ್ತಿವೆ. ಪಶ್ಚಿಮದ ಗೋಡೆಗಳ ಮೇಲೆ ಈಗಲೂ ಜೀವಿಸಿರುವ ಪ್ರಾಣಿಗಳ ಶಿಲ್ಪ, ಪೂರ್ವದ ಗೋಡೆಗಳ ಮೇಲೆ ಅಳಿದುಹೋದವುಗಳ ಶಿಲ್ಪ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಡಲಾಚೆಯ ಜಿರಾಫೆಯನ್ನು ಕೆತ್ತಿದ ನಮ್ಮವರಿಗೆ ಈ ಅಭಿರುಚಿ ಅಪರಿಚಿತವೇನಲ್ಲ. ಅಂದಹಾಗೆ, ಮುಖ್ಯ ಮೆಟ್ಟಿಲಿನ ಮೇಲೆ ಬಹುಕಾಲ ನಿಂತಿದ್ದ ಓವನ್ನನ ಪ್ರತಿಮೆಯನ್ನು ಸರಿಸಿ, ಅವನು ಜೀವಮಾನವಿಡೀ ವಿರೋಧಿಸಿದ ಡಾರ್ವಿನ್ನನನ್ನು ಅಲ್ಲಿ ಕೂರಿಸಿದ್ದಾರೆ. ಜಾಗದ ವ್ಯಾಜ್ಯ ವಿದ್ವಾಂಸರನ್ನು ಸತ್ತ ಮೇಲೂ ಬಿಡುವುದಿಲ್ಲ.

ಒಳಗೆ ಕಾಲಿಟ್ಟೊಡನೆ ಛಾವಣಿಯಿಂದ ತೂಗುವ ನೀಲಿ ತಿಮಿಂಗಿಲದ ಅಸ್ಥಿಪಂಜರ ಎದುರಾಗುತ್ತದೆ. 25 ಮೀಟರಿಗೂ ಹೆಚ್ಚು ಉದ್ದ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಂದರಿನ ಮರಳದಿಬ್ಬಕ್ಕೆ ಸಿಕ್ಕಿಕೊಂಡು ಸತ್ತ ಪ್ರಾಣಿ ಅದು. ಎಲುಬುಗಳನ್ನು ಸಂಸ್ಥೆ 250 ಪೌಂಡಿಗೆ ಕೊಂಡಿತು. 2017ರಿಂದ ಅದು ಈ ಹಜಾರದಲ್ಲಿದೆ. ಅದರಡಿಯಲ್ಲಿ ಸಿಂಹ, ಜಿಂಕೆ, ಜಿರಾಫೆ, ಹದ್ದು, ಹಾವುಗಳು ಒಂದೇ ಸೂರಿನಡಿ ಶಾಂತವಾಗಿ ನಿಂತಿರುವುದನ್ನು ಕಂಡಾಗ ಶ್ರಾವಕನಾದವನಿಗೆ ಸಮವಸರಣದ ನೆನಪು ಬಾರದೆ ಇರದು. ಅಲ್ಲಿಯೂ ಹುಲಿ ಹಸುಗಳು ವೈರ ಮರೆತು ಒಟ್ಟಿಗೆ ಕುಳಿತಿರುತ್ತವೆಯಲ್ಲವೇ? ಆದರೆ ಅಲ್ಲಿನ ಶಾಂತಿ ಜಿನಸನ್ನಿಧಿಯಿಂದ ಬಂದದ್ದು, ಇಲ್ಲಿನದು ಹೊಟ್ಟೆಯೊಳಗೆ ಹುಲ್ಲು ತುಂಬಿದ್ದರಿಂದ ಬಂದದ್ದು. ಇದನ್ನು ನಾನು ಕೊಂಕಾಗಿ ಹೇಳುತ್ತಿಲ್ಲ. ಎರಡರ ನಡುವಣ ಅಂತರವೇ ನಮ್ಮ ಪ್ರಶ್ನೆಯ ತಿರುಳು.

ಇನ್ನೊಂದು ಅಂತರವೂ ಅಲ್ಲಿ ಗಮನಕ್ಕೆ ಬಂತು. ಜೀವಿಗಳನ್ನು ವಿಂಗಡಿಸುವ ಕೆಲಸದಲ್ಲಿ ನಮ್ಮ ಪರಂಪರೆಯೇನೂ ಹಿಂದೆ ಬಿದ್ದಿಲ್ಲ. ಒಂದು ಇಂದ್ರಿಯವುಳ್ಳ ಸ್ಥಾವರಗಳಿಂದ ಐದು ಇಂದ್ರಿಯಗಳುಳ್ಳ ಸಂಜ್ಞಿ ಜೀವಿಗಳವರೆಗೆ ಏಣಿ ಕಟ್ಟಿದವರು ನಮ್ಮ ಆಚಾರ್ಯರು. ಹುಳು, ಇರುವೆ, ದುಂಬಿ, ಮನುಷ್ಯ ಎಂದು ಉಮಾಸ್ವಾಮಿಗಳು ಒಂದೊಂದು ಇಂದ್ರಿಯವನ್ನು ಏರಿಸುತ್ತ ಹೋಗುವ ಕ್ರಮ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಲಂಡನ್ನಿನ ಬೀರುಗಳಲ್ಲಿರುವ ಕ್ರಮ ಬೇರೆ. ಅಲ್ಲಿ ಹಲ್ಲು, ಎಲುಬು, ರೆಕ್ಕೆಯ ನರ, ಈಚೆಗೆ ವಂಶವಾಹಿ, ಇವುಗಳ ಹೋಲಿಕೆಯಿಂದ ಯಾರು ಯಾರ ದಾಯಾದಿ ಎಂದು ನಿರ್ಣಯಿಸುತ್ತಾರೆ. ಅವರು ಕೇಳುವುದು, ಈ ಜೀವಿ ಯಾವ ಮೂಲದಿಂದ ಬಂತು? ನಾವು ಕೇಳುವುದು, ಈ ಜೀವಿಗೆ ಏನೇನು ತಿಳಿಯುತ್ತದೆ, ಎಷ್ಟು ನೋಯುತ್ತದೆ? ಮೊದಲನೆಯದಕ್ಕೆ ಉತ್ತರ ಬೇಕಾದರೆ ದೇಹವನ್ನು ಕೈಯಲ್ಲಿ ಹಿಡಿದು ತೆರೆಯಬೇಕು. ಎರಡನೆಯದಕ್ಕೆ ಉತ್ತರ ಸಿಕ್ಕೊಡನೆ ಕೈಯನ್ನು ಹಿಂದಕ್ಕೆ ತೆಗೆಯಬೇಕು. ಒಂದರ ಸತ್ಯದಿಂದ ಮತ್ತೊಂದು ಸುಳ್ಳಾಗದು. ಆದರೆ ಎರಡನ್ನೂ ಬಲ್ಲವನು ಆ ಬೀರುಗಳ ಮುಂದೆ ನಿಂತಾಗ ಒಂದೇ ವಸ್ತುವನ್ನು ಎರಡು ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಈ ದೇಹಗಳು ಬಂದದ್ದು ಹೇಗೆ? ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ ತಿರುಗಾಡಿ ಸಂಗ್ರಹಿಸಿದ ಮಾದರಿಗಳ ಒಟ್ಟು ಸಂಖ್ಯೆ 1,25,660. ಬಿಡಿ ಲೆಕ್ಕವನ್ನೂ ಅವನೇ ಕೊಟ್ಟಿದ್ದಾನೆ: ಪಕ್ಷಿಗಳು 8,050, ಜೀರುಂಡೆ ಜಾತಿಯವೇ 83,200. ಅವನು ಶ್ರೀಮಂತನಲ್ಲ. ಹೆಚ್ಚುವರಿ ಮಾದರಿಗಳನ್ನು ಲಂಡನ್ನಿನ ಏಜೆಂಟನ ಮೂಲಕ ಮಾರಿ ಜೀವನ ನಡೆಸಿದವನು. ಹಾಗಾದರೆ ಇದನ್ನು ಉದ್ಯೋಗೀ ಹಿಂಸೆಯ ಖಾತೆಗೆ ಹಾಕಬಹುದೇ? ನಮ್ಮ ಶಾಸ್ತ್ರಕಾರರು ಆ ಬಾಗಿಲನ್ನು ಮೊದಲೇ ಮುಚ್ಚಿದ್ದಾರೆ. ಶ್ರಾವಕನು ಮಾಡಬಾರದ ಹದಿನೈದು ವ್ಯಾಪಾರಗಳಲ್ಲಿ ದಂತವಾಣಿಜ್ಯವೂ ಒಂದು. ದಂತವೆಂದರೆ ಆನೆಯ ದಂತ ಮಾತ್ರವಲ್ಲ, ಚರ್ಮ, ಎಲುಬು, ಗರಿ ಎಲ್ಲವೂ ಅದರಲ್ಲಿ ಬಂತು. ಬಂದೂಕು ಹಿಡಿದು ಗುರಿಯಿಟ್ಟ ಮೇಲೆ ಅದು ಸಂಕಲ್ಪೀ ಹಿಂಸೆಯೇ.

ಆದರೆ ಇದೇ ವಾಲೇಸನ ಒಂದು ವೃತ್ತಾಂತವನ್ನು ಓದಿದವರು ಅವನನ್ನು ಕಟುಕನೆಂದು ಕರೆಯಲಾರರು. 1855ರಲ್ಲಿ ಸರವಾಕಿನ ಕಾಡಿನಲ್ಲಿ ಒಂದು ಹೆಣ್ಣು ಒರಾಂಗುಟಾನನ್ನು ಗುಂಡಿಕ್ಕಿ ಕೆಡವಿದ. ಕೆಳಗೆ ಕೆಸರಿನಲ್ಲಿ ಅದರ ಎಳೆಯ ಮರಿ ಮುಖ ಕೆಳಗಾಗಿ ಬಿದ್ದಿತ್ತು. ಮನೆಗೆ ತಂದ. ಹಾಲು ಸಿಗದ ಊರು. ಅಕ್ಕಿಯ ಗಂಜಿತಿಳಿಯನ್ನು ಬಾಟಲಿಯಿಂದ ಕುಡಿಸಿದ. ಸ್ನಾನ ಮಾಡಿಸಿದ, ತೊಟ್ಟಿಲಿನಂಥದೊಂದನ್ನು ಮಾಡಿಕೊಟ್ಟ, ಮಗುವನ್ನು ಸಾಕಿದಂತೆ ಸುಮಾರು ಮೂರು ತಿಂಗಳು ಸಾಕಿದ. ಅದು ಕಾಯಿಲೆ ಬಿದ್ದು ಸತ್ತಾಗ ದುಃಖಪಟ್ಟ. ಬಳಿಕ ಅದರ ಚರ್ಮವನ್ನೂ ಎಲುಬುಗಳನ್ನೂ ಸಂಗ್ರಹಕ್ಕೆ ಸೇರಿಸಿದ. ತಾಯಿಯನ್ನು ಕೊಂದ ಕೈಯೇ ಗಂಜಿ ಕುಡಿಸಿತು, ಗಂಜಿ ಕುಡಿಸಿದ ಕೈಯೇ ಚರ್ಮ ಸುಲಿಯಿತು. ಇದೇ ಮನುಷ್ಯನು ಮುಂದೆ, ನಾಗರಿಕರು ಈ ದ್ವೀಪಗಳಿಗೆ ಕಾಲಿಟ್ಟರೆ ಯಾವ ಸ್ವರ್ಗಪಕ್ಷಿಯ ಚೆಲುವನ್ನು ತಾವೊಬ್ಬರೇ ಸವಿಯಬಲ್ಲರೋ ಅದನ್ನೇ ಅಳಿಸಿಬಿಡುವರೆಂದು ಮರುಗಿ, ಜೀವರಾಶಿ ಮನುಷ್ಯನಿಗಾಗಿ ಸೃಷ್ಟಿಯಾದುದಲ್ಲ ಎಂಬ ನಿರ್ಣಯಕ್ಕೆ ಬರುತ್ತಾನೆ. ನಮ್ಮ ಸ್ವಾಧ್ಯಾಯದಲ್ಲಿ ಓದಬಹುದಾದ ವಿಚಾರ ಇದು; ಬರೆದವನ ಕೈಯಲ್ಲಿ ಬಂದೂಕಿತ್ತು.

ನಮ್ಮ ದೇಶದ ಒಬ್ಬರನ್ನೂ ಇಲ್ಲಿ ನೆನೆಯಬೇಕು. ದೇಶದವರೆಂದರೆ, ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಪ್ರಮುಖರೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಎ. ಓ. ಹ್ಯೂಮ್. ಶಿಮ್ಲಾದ ತಮ್ಮ ಬಂಗಲೆಯಲ್ಲಿ ಅವರು ಕೂಡಿಟ್ಟ ಭಾರತೀಯ ಪಕ್ಷಿಗಳ ಚರ್ಮ ಹಾಗೂ ಮೊಟ್ಟೆಗಳ ಸಂಖ್ಯೆ ಸುಮಾರು 82 ಸಾವಿರ. ಹಕ್ಕಿಗಳ ಕುರಿತು ಬರೆಯಬೇಕೆಂದಿದ್ದ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು, ಅವರು ಊರಿನಲ್ಲಿಲ್ಲದಾಗ, ಮನೆಯ ಆಳೊಬ್ಬ ರದ್ದಿ ಕಾಗದವೆಂದು ಬಜಾರಿಗೆ ಮಾರಿಬಿಟ್ಟ. ಮನಸ್ಸು ಮುರಿದ ಹ್ಯೂಮ್ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. 1885ರಲ್ಲಿ ಅದು ಹಡಗು ಹತ್ತಿತು. ಅದೇ ವರ್ಷ ಕಾಂಗ್ರೆಸ್ ಹುಟ್ಟಿತು. ಥಿಯಾಸಫಿಯ ಪ್ರಭಾವದಿಂದ ಅವರು ಸಸ್ಯಾಹಾರಿಗಳಾದರು, ಹಕ್ಕಿ ಹೊಡೆಯುವುದನ್ನೂ ಬಿಟ್ಟರು. ಇನ್ನು ಹತ್ತಿರದ ಉದಾಹರಣೆ ಬೇಕಾದರೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆ ಖಾನದೇಶದಿಂದ ಹೊರಟು ನಮ್ಮ ಧಾರವಾಡ, ಉತ್ತರ ಕನ್ನಡ, ಕೊಡಗುಗಳಿಗೂ ಬಂದಿತ್ತು. ಅದರ ಬಹುಪಾಲು ಸಂಗ್ರಹ ಲಂಡನ್ನಿಗೇ ಹೋಯಿತು. ಧಾರವಾಡ ಸೀಮೆಯ ಇಲಿ, ಬಾವಲಿಗಳನ್ನು ನೋಡಬೇಕಾದರೆ ವಿದ್ವಾಂಸರು ಇಂದಿಗೂ ಅಲ್ಲಿಯ ಬೀರು ತೆರೆಯಬೇಕು.

ವಾಲೇಸ್, ಹ್ಯೂಮ್ ಇವರಲ್ಲಿ ಕ್ರೋಧವಿರಲಿಲ್ಲ. ಹಿಂಸೆಯ ಹಿಂದೆ ಕ್ರೂರ ಮುಖವನ್ನೇ ಹುಡುಕುವ ಅಭ್ಯಾಸವುಳ್ಳವರಿಗೆ ಇಲ್ಲಿ ನಿರಾಶೆಯಾದೀತು. ಇವರನ್ನು ನಡೆಸಿದ ಕಷಾಯ ಲೋಭ. ಜ್ಞಾನದ ಲೋಭವೆಂದರೂ ಲೋಭವೇ. ಒಂದು ಸಾಲದು, ಹತ್ತು ಬೇಕು, ಪಕ್ಕದವನಲ್ಲಿ ಇಲ್ಲದ್ದು ನನ್ನಲ್ಲಿರಬೇಕು ಎಂಬುದು. ಹಿಂಸೆಯ ಬೇರು ಪರಿಗ್ರಹದಲ್ಲಿದೆ ಎಂಬ ಮಾತನ್ನು ನಾವು ಪರ್ಯೂಷಣದ ಉಪನ್ಯಾಸಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದಕ್ಕೆ ಅತ್ಯಂತ ಕಠೋರವಾದ ಸಾಕ್ಷಿ ಗ್ರೇಟ್ ಆಕ್ ಎಂಬ ಹಕ್ಕಿ. ಉತ್ತರ ಅಟ್ಲಾಂಟಿಕ್ಕಿನ, ಹಾರಲಾರದ, ಪೆಂಗ್ವಿನ್ನನ್ನು ಹೋಲುವ ಪಕ್ಷಿ ಇದು. ಗರಿಗಾಗಿ, ಮಾಂಸಕ್ಕಾಗಿ, ಕೊಬ್ಬಿಗಾಗಿ ಶತಮಾನಗಳ ಕಾಲ ಕೊಂದರು. ಸಂಖ್ಯೆ ಇಳಿದಂತೆ ಸಂಗ್ರಾಹಕರಲ್ಲಿ ಬೆಲೆ ಏರಿತು. ಬೆಲೆ ಏರಿದಂತೆ ಸಂಖ್ಯೆ ಮತ್ತಷ್ಟು ಇಳಿಯಿತು. 1844ರ ಜೂನ್ ತಿಂಗಳಲ್ಲಿ ಐಸ್‌ಲೆಂಡಿನ ಬಳಿಯ ಎಲ್ಡೇ ಎಂಬ ಬಂಡೆಯ ಮೇಲೆ ಕೊನೆಯ ಜೋಡಿಯನ್ನು ಸಂಗ್ರಹಕ್ಕೆ ಮಾರಲೆಂದೇ ಕತ್ತು ಹಿಸುಕಿ ಕೊಂದರು. ಅವುಗಳ ಒಳಾಂಗಗಳು ಕೋಪನ್‌ಹೇಗನ್ನಿನ ಸಂಗ್ರಹಾಲಯದಲ್ಲಿ ಇಂದಿಗೂ ಭರಣಿಗಳಲ್ಲಿವೆ. ಮಾಲು ಕಡಿಮೆಯಾದಾಗ ದರ ಏರುವುದು ಪೇಟೆಯ ಸಹಜ ನಿಯಮವೆಂದು ಬಿ.ಕಾಂ. ತರಗತಿಯಲ್ಲಿ ಕಲಿತವನು ನಾನು. ಆ ನಿಯಮ ಒಂದು ಜೀವಜಾತಿಯ ಮೇಲೆ ಪೂರ್ಣವಾಗಿ ಅನ್ವಯವಾದರೆ ಏನಾಗುವುದೆಂದು ಆ ಪಠ್ಯದಲ್ಲಿರಲಿಲ್ಲ.

ಎದುರು ಪಕ್ಷದ ವಾದ ದುರ್ಬಲವಲ್ಲ. ಇಂಗ್ಲೆಂಡಿನಲ್ಲಿ ಹಕ್ಕಿಯ ಮೊಟ್ಟೆಗಳನ್ನು ಕದ್ದು ಕೂಡಿಡುವ ಹುಚ್ಚು ಒಂದು ಕಾಲಕ್ಕೆ ಸಾರ್ವತ್ರಿಕವಾಗಿತ್ತು. ನಿರರ್ಥಕ ಹಿಂಸೆ ಎಂದರೆ ಇದೇ. ಆದರೆ ಪೆರಿಗ್ರಿನ್ ಎಂಬ ಡೇಗೆಯ ಸಂತತಿ ಕ್ಷೀಣಿಸತೊಡಗಿದಾಗ, ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಆ ಹಳೆಯ ಮೊಟ್ಟೆಗಳ ಪೆಟ್ಟಿಗೆಗಳನ್ನು ತೆರೆಸಿ ಚಿಪ್ಪುಗಳನ್ನು ತೂಗಿ ಅಳೆದ. 1940ರ ದಶಕದ ಕೊನೆಯಿಂದೀಚೆಗೆ ಚಿಪ್ಪುಗಳು ತೆಳುವಾಗಿದ್ದವು. ಡಿಡಿಟಿ ಬಳಕೆಗೆ ಬಂದದ್ದೂ ಆಗಲೇ. 1967ರಲ್ಲಿ ಅವನು ಪ್ರಕಟಿಸಿದ ಈ ಫಲಿತಾಂಶ ಹಾಗೂ ಅಂಥ ಇತರ ಸಂಶೋಧನೆಗಳ ಬಲದಿಂದ ಹಲವು ದೇಶಗಳಲ್ಲಿ ಡಿಡಿಟಿಗೆ ಕಡಿವಾಣ ಬಿತ್ತು. ಅಮೆರಿಕೆಯಲ್ಲಿ 1972ರಲ್ಲಿ ನಿಷೇಧವಾಯಿತು. ಡೇಗೆಗಳು ಮರಳಿ ಬಂದವು. ಹುಟ್ಟದೆ ಹೋದ ಮರಿಗಳ ಚಿಪ್ಪುಗಳು ಮುಂದೆ ಹುಟ್ಟಲಿದ್ದ ಮರಿಗಳ ಪರವಾಗಿ ಸಾಕ್ಷಿ ನುಡಿದವು ಎನ್ನಬಹುದು.

ಇದನ್ನು ಹೇಳಿದಾಗ ನಮ್ಮ ಗುಂಪಿನ ಕಿರಿಯರೊಬ್ಬರು, “ಹಾಗಾದರೆ ಪುಣ್ಯ ಪಾಪ ವಜಾ ಆಯಿತಲ್ಲ” ಎಂದರು. ವಜಾ ಆಗುವುದಿಲ್ಲ. ಕರ್ಮದ ಖಾತೆಯಲ್ಲಿ ಜಮೆಗೂ ಖರ್ಚಿಗೂ ಬೇರೆ ಬೇರೆ ಪುಟಗಳಿವೆ. ಒಂದರಿಂದ ಮತ್ತೊಂದನ್ನು ಕಳೆದು ಬಾಕಿಯನ್ನಷ್ಟೇ ಅನುಭವಿಸುವ ಸೌಲಭ್ಯವನ್ನು ನಮ್ಮ ಆಚಾರ್ಯರು ಯಾರಿಗೂ ಕೊಟ್ಟಿಲ್ಲ. ಮೇಲಾಗಿ, ಮೊಟ್ಟೆ ಕದ್ದವರಿಗೆ ಡಿಡಿಟಿಯ ಕಲ್ಪನೆಯೂ ಇರಲಿಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗೆ ಪ್ರಮಾದವನ್ನು ಕಾರಣವಾಗಿ ಜೋಡಿಸಿದ್ದಾರೆ. ಕ್ರಿಯೆಯ ಕಾಲದಲ್ಲಿ ಮನಸ್ಸು ಎಲ್ಲಿತ್ತು ಎಂಬುದೇ ಮುಖ್ಯ. ನೂರು ವರ್ಷಗಳ ಬಳಿಕ ಬಂದ ಲಾಭ ಆ ಮನಸ್ಸನ್ನು ಹಿಂದಿರುಗಿ ತೊಳೆಯಲಾರದು.

ಹಾಗಾದರೆ ನೋಡುವವನ ಗತಿಯೇನು? ನನ್ನ ತಿಳಿವಳಿಕೆಯಲ್ಲಿ ಇಲ್ಲಿ ಗಿರಾಕಿಗೂ ವಾರಸುದಾರನಿಗೂ ವ್ಯತ್ಯಾಸ ಮಾಡಬೇಕು. ಮಾಂಸದಂಗಡಿಯ ಮುಂದೆ ನಿಂತವನು ಗಿರಾಕಿ. ಅವನು ಕೊಂಡ ತುಂಡು ನಾಳೆಯ ಇನ್ನೊಂದು ಪ್ರಾಣಿಯ ಬೇಡಿಕೆಯಾಗುತ್ತದೆ. ಗ್ರೇಟ್ ಆಕ್‌ಗೆ ಹಣ ಹಿಡಿದು ಕಾದಿದ್ದವರೂ ಗಿರಾಕಿಗಳೇ. ತಾವು ಬಂಡೆ ಹತ್ತಲಿಲ್ಲವೆಂದು ಅವರು ಕಾರಿತದ ದೋಷದಿಂದ ತಪ್ಪಿಸಿಕೊಳ್ಳಲಾರರು. ಆದರೆ ತಂದೆ ಬಿಟ್ಟುಹೋದ ಮನೆಯಲ್ಲಿ ಮಗ ವಾಸಿಸಿದಾಗ ಅವನು ತಂದೆಯ ವ್ಯವಹಾರಗಳಿಗೆಲ್ಲ ಒಪ್ಪಿಗೆ ಕೊಟ್ಟಂತಾಗುವುದಿಲ್ಲ. ಆ ಮನೆಯ ಮೇಲೆ ಸಾಲವಿದ್ದರೆ ತೀರಿಸುವ ಹೊಣೆ ಮಾತ್ರ ಅವನದೇ. ಸಾಲವಿದೆಯೆಂದು ತಿಳಿದೂ ದಸ್ತಾವೇಜನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ಮನೆ ಬಹಳ ಚೆನ್ನಾಗಿದೆ ಎಂದಷ್ಟೇ ಹೇಳುತ್ತಿದ್ದರೆ, ಆಗ ಅನುಮೋದನೆ ಆರಂಭವಾಗುತ್ತದೆ. ತಿಮಿಂಗಿಲವನ್ನು ನೋಡಿ ಬೆರಗಾಗುವುದು ದೋಷವಲ್ಲ. ಆ ಶತಮಾನದಲ್ಲಿ ಅದರ ಕುಲವನ್ನು ಎಣ್ಣೆಗಾಗಿ ಲಕ್ಷಗಟ್ಟಲೆ ಕೊಂದು, 1966ರಲ್ಲಿ ಅಂತರರಾಷ್ಟ್ರೀಯ ಆಯೋಗ ರಕ್ಷಣೆ ನೀಡುವ ಹೊತ್ತಿಗೆ ಬೆರಳೆಣಿಕೆಯ ಮಟ್ಟಕ್ಕೆ ತಂದಿದ್ದರೆಂಬುದನ್ನು ಮರೆತು ಬೆರಗಾಗುವುದು ದೋಷ. ಮಾಸ್ತರರು ಈ ವಿಭಜನೆಯನ್ನು ಅರ್ಧ ಒಪ್ಪಿದರು. “ವಾರಸುದಾರನಾದವನು ಎರಡು ದಿನ ನೋಡಬೇಕಿತ್ತೇ, ಒಂದು ದಿನ ಸಾಲದೇ?” ಎಂಬುದು ಅವರ ಉಳಿದ ಆಕ್ಷೇಪ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಪ್ರವೇಶ ಉಚಿತವಾಗಿತ್ತು.

ದಸ್ತಾವೇಜಿನ ಮಾತು ಬಂದದ್ದರಿಂದ ಒಂದು ಸೂಚನೆ. ಸಂಗ್ರಹಾಲಯದ ಪ್ರತಿ ಮಾದರಿಗೂ ಚೀಟಿಯಿರುತ್ತದೆ: ಹೆಸರು, ಸ್ಥಳ, ದಿನಾಂಕ, ಗಂಡೋ ಹೆಣ್ಣೋ, ಸಂಗ್ರಹಿಸಿದವರಾರು. ಚೀಟಿಯಿಲ್ಲದ ಮಾದರಿಗೆ ವಿದ್ವಾಂಸರಲ್ಲಿ ಬೆಲೆಯಿಲ್ಲ. ಧಾನ್ಯದ ಮಂಡಿಯಲ್ಲಿ ಲಾಟ್ ನಂಬರಿಲ್ಲದ ನಮೂನೆಯಂತೆ. ಇಷ್ಟು ನಿಷ್ಠೆಯಿಂದ ಬರೆದ ಚೀಟಿಯಲ್ಲಿ ಆ ಪ್ರಾಣಿ ಹೇಗೆ ಸತ್ತಿತೆಂಬ ಒಂದು ಸಾಲು ನೋಡುಗರ ಮುಂದೆ ಸಾಮಾನ್ಯವಾಗಿ ಇರುವುದಿಲ್ಲ. ‘ಸಂಗ್ರಹಿಸಲಾಯಿತು’ ಎಂಬ ಕರ್ಮಣಿ ಪ್ರಯೋಗ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಗುಂಡಿಕ್ಕಿ ಕೊಂದದ್ದು, ದಡಕ್ಕೆ ಬಿದ್ದು ಸತ್ತದ್ದು, ಮೃಗಾಲಯದಲ್ಲಿ ಮುಪ್ಪಿನಿಂದ ಸತ್ತದ್ದು, ಇಷ್ಟನ್ನು ಬರೆದರೆ ವಿಜ್ಞಾನಕ್ಕೇನೂ ನಷ್ಟವಿಲ್ಲ. ಲಂಡನ್ನಿನ ಸಂಸ್ಥೆ 1913ರಿಂದಲೇ ಬ್ರಿಟನ್ನಿನ ದಡಕ್ಕೆ ಬಂದು ಬೀಳುವ ತಿಮಿಂಗಿಲಗಳ ದಾಖಲೆ ಇಡುತ್ತ ಬಂದಿದೆ. ಕೊಲ್ಲದೆಯೂ ಕಲಿಯಬಹುದೆಂಬುದಕ್ಕೆ ಇದೊಂದು ಹಳೆಯ ಮೇಲ್ಪಂಕ್ತಿ.

ಇನ್ನೊಂದು ವಿಷಯವನ್ನು ಧಾನ್ಯದ ವರ್ತಕನಾಗಿ ಹೇಳದೆ ಇರಲಾರೆ. ಸತ್ತ ಪ್ರಾಣಿಗಳನ್ನು ಕಾಪಾಡಲು ಆ ಸಂಸ್ಥೆಯವರು ಬದುಕಿರುವ ಪ್ರಾಣಿಗಳೊಡನೆ ಅವಿರತವಾಗಿ ಹೋರಾಡಬೇಕು. ಚರ್ಮ, ಗರಿಗಳನ್ನು ತಿನ್ನುವ ಸಣ್ಣ ಜೀರುಂಡೆಗಳು ಒಂದು ಬೀರು ಹೊಕ್ಕರೆ ಕೆಲಕಾಲದಲ್ಲಿ ಪುಡಿ ಮಾತ್ರ ಉಳಿಯುತ್ತದೆ. ಅವನ್ನು ಕೊಲ್ಲಲು ಮಾದರಿಗಳನ್ನು ಕಡುಶೀತದ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಅದೇ ಕುಲದ ಜೀರುಂಡೆಗಳನ್ನು ಇನ್ನೊಂದು ಕೋಣೆಯಲ್ಲಿ ಸಾಕಿ, ಎಲುಬಿಗಂಟಿದ ಮಾಂಸವನ್ನು ಅವುಗಳಿಂದಲೇ ಬಿಡಿಸಿಕೊಳ್ಳುವುದೂ ಉಂಟು. ನಗು ಬರುತ್ತದೆಯೇ? ಗೋದಾಮಿನಲ್ಲಿ ನುಸಿ ಹೊಕ್ಕ ಗೋಧಿಗೆ ಮಾತ್ರೆ ಇಟ್ಟು ತಾಡಪತ್ರಿ ಮುಚ್ಚುವ ನಮ್ಮವರಿಗೆ ನಗುವ ಅಧಿಕಾರ ಕಡಿಮೆ. ನುಸಿ ಕೂಡ ತ್ರಸಜೀವಿಯೇ. ಅದನ್ನು ಉದ್ಯೋಗೀ ಹಿಂಸೆ ಎಂದು ಬರೆದುಕೊಂಡು ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿಸುತ್ತೇವೆ. ಲಂಡನ್ನಿನವರ ಹಿಂಸೆ ಗಾಜಿನೊಳಗೆ ಚೀಟಿಸಹಿತ ಇದೆ; ನಮ್ಮದು ತಾಡಪತ್ರಿಯ ಕೆಳಗಿದೆ. ಹೀಗೆಂದು ಎರಡನ್ನೂ ಸಮವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಮಾಸ್ತರರ ಪ್ರಶ್ನೆಯನ್ನು ದೂರದೇಶದ ಮೇಲಷ್ಟೇ ಹಾಕಿ ಕೈತೊಳೆದುಕೊಳ್ಳಲಾಗದು ಎಂಬುದಷ್ಟೇ.

ಕಡೆಯದಾಗಿ, ಈ ಚರ್ಚೆ ಕೇವಲ ಶಾಸ್ತ್ರದ್ದಲ್ಲ. ನಮ್ಮ ಮನೆಗಳಿಂದ ಪ್ರಾಣಿಶಾಸ್ತ್ರ ಓದಲು ಹೋಗುವ ಮಕ್ಕಳು ವಿರಳ. ಕಪ್ಪೆ ಕೊಯ್ಯಬೇಕಾದೀತು ಎಂಬ ಭಯದಿಂದ ಎಷ್ಟೋ ಚುರುಕು ಮಕ್ಕಳನ್ನು ವಾಣಿಜ್ಯಕ್ಕೆ ಸೇರಿಸಿದ್ದೇವೆ. ಆ ಭಯ ಆಗ ನ್ಯಾಯವಾದದ್ದೇ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಅಂಗಛೇದನವನ್ನು ಹಂತಹಂತವಾಗಿ ಕೈಬಿಡಲು ಮಾರ್ಗಸೂಚಿ ಕೊಟ್ಟು, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಅದನ್ನು ನಿಲ್ಲಿಸುವಂತೆ ಸೂಚಿಸಿದೆ. ಇರುವೆಗೆ ಎಷ್ಟು ಇಂದ್ರಿಯ, ದುಂಬಿಗೆ ಎಷ್ಟು ಎಂದು ಸಾವಿರಾರು ವರ್ಷಗಳಿಂದ ಎಣಿಸುತ್ತ ಬಂದ ಸಮಾಜ, ಇರುವೆಯನ್ನೂ ದುಂಬಿಯನ್ನೂ ಅರಿಯುವ ಕೆಲಸವನ್ನೆಲ್ಲ ಅನ್ಯರಿಗೆ ಬಿಟ್ಟು, ಅವರು ಅರಿತ ರೀತಿ ಸರಿಯಿಲ್ಲವೆಂದು ದೂರುತ್ತ ಕುಳಿತಿದೆ. ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಕೃತಿ ಚರಿತ್ರೆ ಸಂಗ್ರಹಾಲಯವಿದೆ. ಶ್ರವಣಬೆಳಗೊಳಕ್ಕೆ ಹೋಗುವ ನಮ್ಮ ಪಾಠಶಾಲೆಗಳ ಪ್ರವಾಸದ ಬಸ್ಸು ಮೈಸೂರಿನಲ್ಲಿ ಅರಮನೆಗೂ ಮೃಗಾಲಯಕ್ಕೂ ತಪ್ಪದೆ ನಿಲ್ಲುತ್ತದೆ. ಇದು ಮೃಗಾಲಯದಿಂದ ದೂರವೇನಿಲ್ಲ.